ನೋವು ಗೊತ್ತಾಗದ ತೊಡೆಗೆ ಕರೆಂಟ್ ವ್ಯಾಯಾಮ: ಮನೆಯಲ್ಲಿ ಮಾಡಿಸುವ ಬಗೆ

ಮೆಣಸು ಕೊಯ್ಯಲು ಹತ್ತಿದ ಸಿಲ್ವರ್ ಮರದಿಂದ ಬಿದ್ದು ಬೆನ್ನು ಮುರಿದುಕೊಂಡು ಕಾಲಿನ ಬಲ, ಸ್ಪರ್ಶ ಕಳೆದುಕೊಂಡವರು ಚಿಕ್ಕಮಗಳೂರು, ಮೂಡಿಗೆರೆ ಕಡೆಯವರಿಗೆ ಹೊಸಬರಲ್ಲ. ಎತ್ತರದಿಂದ ಬಿದ್ದಾಗ ಮೂಳೆ ಮುರಿಯುವುದು ಹೆಚ್ಚಾಗಿ ಡಿ12–ಎಲ್1 (ಬೆನ್ನಿನಲ್ಲಿ ಎದೆಭಾಗದ ಕೊನೆಯ ಮಣಿ, ಸೊಂಟದ ಮೊದಲ ಮಣಿ) ಆಸುಪಾಸಿನಲ್ಲಿ. ಕರೆಂಟ್ ಕೊಟ್ಟು ತೊಡೆಯ ಸ್ನಾಯುವಿಗೆ ವ್ಯಾಯಾಮ ಮಾಡಿಸುವ ಮೆಷಿನ್ ಕೊಳ್ಳುವ ಮುಂಚೆ ಯೋಚಿಸಬೇಕಾದದ್ದು ಇದನ್ನೇ. ಬೆನ್ನುಹುರಿ ಮುಗಿಯುವ ಆ ಜಾಗಕ್ಕೆ ಪೆಟ್ಟಾದರೆ ಕಾಲಿಗೆ ಹೋಗುವ ನರಗಳೇ ಸತ್ತಿರಬಹುದು. ಆಗ ಕಾಲು ಮೆತ್ತಗೆ ಜೋತುಬಿದ್ದಿರುತ್ತದೆ, ಸೆಟೆಯುವುದಿಲ್ಲ. ಮಾಮೂಲಿ ಮೆಷಿನ್ ಸ್ನಾಯುವನ್ನು ಕುಣಿಸುವುದು ನರದ ಮೂಲಕ. ನರವಿಲ್ಲದ ಕಡೆ ಎಷ್ಟು ಏರಿಸಿದರೂ ಚರ್ಮ ಸುಡುತ್ತದೆಯೇ ಹೊರತು ಸ್ನಾಯು ಅಲ್ಲಾಡದು. ಪೆಟ್ಟು ಇನ್ನೂ ಮೇಲಿದ್ದು, ಕಾಲು ಆಗಾಗ ತಾನೇ ಸೆಟೆಯುತ್ತಿದ್ದರೆ ಫಲ ಸಿಗುವ ಸಾಧ್ಯತೆ ಜಾಸ್ತಿ. ಮೊದಲು ಫಿಸಿಯೋ ಹತ್ತಿರ ಕರೆಂಟ್ ಕೊಡಿಸಿ ನೋಡಿ, ಆಮೇಲೆ ದುಡ್ಡು ಹಾಕಿ.

ಪೇಸ್‌ಮೇಕರ್, ಗರ್ಭ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಕೂಡದ ಮೂಳೆ, ಪ್ಯಾಡ್ ಜಾಗದಲ್ಲಿ ಹುಣ್ಣು – ಇವಿದ್ದರೆ ಬೇಡ. ಫಿಟ್ಸ್ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ನೋವಿಗೆಂದು ಮಾರುವ ಅಗ್ಗದ ಟೆನ್ಸ್ ಮೆಷಿನ್ ತೊಡೆ ಎತ್ತಲು ಸಾಮಾನ್ಯವಾಗಿ ಸಾಲದು. ಬ್ಯಾಟರಿಯದ್ದೇ ಇರಲಿ, ಚಾರ್ಜಿಗೆ ಹಾಕಿಕೊಂಡು ಬಳಸಬೇಡಿ.

ಮೂತ್ರಚೀಲ ಖಾಲಿ ಮಾಡಿಸಿ, ಬಿಪಿ ನೋಡಿ ಬರೆದಿಡಿ. ಗಾಲಿಕುರ್ಚಿಯ ಬ್ರೇಕ್ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ಕಾಲು ಬಡಿಯದಂತೆ ಪಾದದ ಹಲಗೆ ತೆಗೆಯಿರಿ. ತೊಡೆಯ ಎಣ್ಣೆ, ಬೆವರು ತೊಳೆದು ಒರೆಸಿ. ಸುಮಾರು 5×9 ಸೆಂಟಿಮೀಟರಿನ ಒಂದು ಪ್ಯಾಡ್ ತೊಡೆಯ ಮೇಲ್ಭಾಗದಲ್ಲಿ ಸ್ವಲ್ಪ ಹೊರಮಗ್ಗುಲಿಗೆ, ಇನ್ನೊಂದು ಮಂಡಿಚಿಪ್ಪಿನ ಮೇಲೆ ನಾಲ್ಕು ಬೆರಳು ಬಿಟ್ಟು ಒಳಮಗ್ಗುಲಿಗೆ. ಅಂಚು ಎದ್ದಿದ್ದರೆ ಅಂಟಿದ ಚೂರಲ್ಲೇ ಕರೆಂಟ್ ಒತ್ತಾಗಿ ಸುಡುತ್ತದೆ.

ಶುರುವಿಗೆ 30–35 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಮಿಡಿತ), ಒಂದೊಂದು ಮಿಡಿತದ ಅವಧಿ 300 ಮೈಕ್ರೋಸೆಕೆಂಡ್. 5 ಸೆಕೆಂಡ್ ಕರೆಂಟ್, 15 ಸೆಕೆಂಡ್ ಬಿಡುವು. ಕರೆಂಟ್ ಏರುವುದಕ್ಕೆ 2 ಸೆಕೆಂಡ್ ಇಡಿ, ಒಮ್ಮೆಲೇ ಹೊಡೆದರೆ ಕಾಲು ಸೆಟೆದುಕೊಳ್ಳುತ್ತದೆ. ಮಿಲಿಆಂಪ್ ಒಂದೊಂದೇ ಏರಿಸಿ, ಕಣ್ಣು ಮಂಡಿಚಿಪ್ಪಿನ ಮೇಲಿರಲಿ. ಮೊದಲು ತೊಡೆ ಅದುರುತ್ತದೆ, ಆಮೇಲೆ ಚಿಪ್ಪು ಮೇಲೆ ಜಾರುತ್ತದೆ, ಕೊನೆಗೆ ಕಾಲು ಏಳುತ್ತದೆ. "ಅಣ್ಣ, ಉರೀತಿದ್ಯಾ?" ಅಂತ ಕೇಳಿ ಪ್ರಯೋಜನವಿಲ್ಲ, ಅವರಿಗೆ ಗೊತ್ತಾಗದು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ಯಾಡ್ ಎತ್ತಿ ನೋಡಿ. ತೆಗೆದ ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ, ಗುಳ್ಳೆ ಎದ್ದರೆ ಆ ಜಾಗ ವಾಸಿಯಾಗುವವರೆಗೆ ಬಿಡಿ.

ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ, 10–15 ನಿಮಿಷ ಸಾಕು. ತಾನಾಗಿ ಕೆಲಸ ಮಾಡುವಾಗ ಸ್ನಾಯುವಿನ ಎಳೆಗಳು ಸರದಿ ಹಂಚಿಕೊಳ್ಳುತ್ತವೆ. ಕರೆಂಟ್ ಅವೇ ಎಳೆಗಳನ್ನು ಪ್ರತಿಸಲ ಒಟ್ಟಿಗೆ ಎಬ್ಬಿಸುವುದರಿಂದ ಬೇಗ ಸೋಲುತ್ತವೆ. ಕಾಲು ಮೊದಲಿನ ಅರ್ಧದಷ್ಟೂ ಏಳದಿದ್ದರೆ ಅಂದಿಗೆ ಮುಗಿಸಿ. ಇನ್ನಷ್ಟು ಏರಿಸುವ ಚಪಲ ಎಲ್ಲರಿಗೂ ಬರುತ್ತದೆ, ಬೇಡ. ಪಾದಕ್ಕೆ ತೂಕ ಕಟ್ಟುವ ಮಾತು ವೈದ್ಯರು ಮೂಳೆ ಸಾಂದ್ರತೆ ನೋಡಿದ ಮೇಲೆ. ಪೆಟ್ಟಾದ ಮೊದಲ ಎರಡು ಮೂರು ವರ್ಷದಲ್ಲೇ ಮಂಡಿ ಸುತ್ತಿನ ಮೂಳೆ ಸಾಕಷ್ಟು ಸವೆದಿರುತ್ತದೆ.

ಪೆಟ್ಟು ಡಿ6 (ಎದೆಭಾಗದ ಆರನೇ ಮಣಿ) ಅಥವಾ ಅದಕ್ಕಿಂತ ಮೇಲಿದ್ದವರನ್ನು ಒಂಟಿಯಾಗಿ ಬಿಟ್ಟು ಹೋಗಲೇಬೇಡಿ, ಅವರಿಗೆ ಬಿಪಿ ದಿಢೀರನೆ ಏರಬಹುದು. ಅವರ ಮೇಲಿನ ಬಿಪಿ ಸಾಮಾನ್ಯವಾಗಿ 90–110 ಇರುವುದರಿಂದ 130 ಕೂಡ ಅಪಾಯವಿರಬಹುದು. ತಲೆ ಸಿಡಿತ, ಮುಖದಲ್ಲಿ ಬೆವರು, ಬರೆದಿಟ್ಟ ಬಿಪಿಗಿಂತ 20 ಏರಿಕೆ ಕಂಡರೆ ಮೆಷಿನ್ ಆರಿಸಿ, ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಮಡಚಿದೆಯಾ ನೋಡಿ. ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಘಾಟಿ ರಸ್ತೆಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿನ್ನೆ ಎದ್ದ ಕಾಲು ಇವತ್ತು ಏಳದಿದ್ದರೆ ಮೊದಲು ಪ್ಯಾಡ್ ನೋಡಿ. ಒಣಗಿದ್ದರೆ ಒಂದೆರಡು ಹನಿ ನೀರು ಸವರಿ. ಆದರೂ ಅಂಟದಿದ್ದರೆ ಎಸೆಯಿರಿ. ವೈರ್ ಪಿನ್ನಿನ ಬುಡದಲ್ಲಿ ಒಳಗೇ ಕಡಿಯುತ್ತದೆ, ಹೊರಗೆ ಕಾಣದು. ಮೆಷಿನ್ ಆರಿಸಿ ಇನ್ನೊಂದು ವೈರ್ ಹಾಕಿ, ಸೊನ್ನೆಯಿಂದಲೇ ಏರಿಸುತ್ತಾ ಬನ್ನಿ.