ಶಾಲೆಯಲ್ಲಿ ಫ್ರೆಂಚ್ ಕಲಿಸುವ ಕೆಲಸಕ್ಕೆ ತಯಾರಿ ಹೇಗೆ

ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಕೆಲಸ ಎಲ್ಲಿದೆ ಎಂದು ನೋಡಿಕೊಳ್ಳಿ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಶಾಲೆಗಳು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಇನ್ನೊಂದು ಜಾಗ ಸಾಮಾನ್ಯವಾಗಿ ಇಂಗ್ಲಿಷಿಗೆ. ಉಳಿಯುವುದು ಮೂರನೇ ಭಾಷೆಯ ಪೀರಿಯಡ್ಡು, ಅಲ್ಲಿ ಹಿಂದಿ, ಸಂಸ್ಕೃತಗಳೂ ಇವೆ. ಮೂರರಲ್ಲಿ ಎರಡು ಭಾರತೀಯ ಭಾಷೆಗಳೇ ಇರಬೇಕು ಎಂದು 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಅದು ಪೂರ್ತಿ ಜಾರಿಯಾದ ಕಡೆ ಇಂಗ್ಲಿಷ್ ಇದ್ದರೆ ಫ್ರೆಂಚಿಗೆ ಜಾಗವಿಲ್ಲ. 2014ರಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ವರ್ಷದ ನಡುವೆಯೇ ಜರ್ಮನ್ ಬದಲು ಸಂಸ್ಕೃತ ಮೂರನೇ ಭಾಷೆಯಾಯಿತು. ಆದ್ದರಿಂದ ಸಿಬಿಎಸ್‌ಇ ಶಾಲೆಯೊಂದನ್ನೇ ನಂಬಬೇಡಿ. ಐಬಿ ಮತ್ತು ಕೇಂಬ್ರಿಡ್ಜ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳು, ಫ್ರೆಂಚ್ ಇರುವ ಪಿಯು ಕಾಲೇಜುಗಳು, ಮೂರನ್ನೂ ಕಣ್ಣಲ್ಲಿಟ್ಟುಕೊಂಡೇ ಓದಿ.

ಭಾಷೆ ಬಿ2 ಮಟ್ಟಕ್ಕಾದರೂ ಬರಬೇಕು, ಅಂದರೆ ಎ1ರಿಂದ ಸಿ2ರವರೆಗಿನ ಯುರೋಪಿನ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು. ಸೊನ್ನೆಯಿಂದ ಅಲ್ಲಿಗೆ ಸುಮಾರು 600 ಗಂಟೆಗಳ ತರಗತಿ. ವಾರಕ್ಕೆ ಆರು ಗಂಟೆ ಎಂದರೂ ಎರಡು ವರ್ಷ ತಪ್ಪದು, ರಜೆ ಸೇರಿದರೆ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆ ಅಲಯನ್ಸ್ ಫ್ರಾಂಸೇಸ್ ಈ ಹಾದಿಯ ಮುಖ್ಯ ಜಾಗ. ಈ ಮಟ್ಟಕ್ಕೆ ಫ್ರಾನ್ಸ್ ಸರ್ಕಾರದ ಪ್ರಮಾಣಪತ್ರ ಕೊಡುವ ಡೆಲ್ಫ್ ಬಿ2 ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ 25ರಂತೆ ನೂರು ಅಂಕ. ಪಾಸಾಗಲು 50 ಸಾಕು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ಹಲವರು ಎಡವುವುದು ಬರವಣಿಗೆಯಲ್ಲಿ: ಒಂದು ಗಂಟೆಯಲ್ಲಿ ಕನಿಷ್ಠ 250 ಪದಗಳಲ್ಲಿ ವಾದ ಮಂಡಿಸಬೇಕು. ಪರೀಕ್ಷೆಗೆ ಮೂರು ತಿಂಗಳಿರುವಾಗಲೇ ವಾರಕ್ಕೆರಡು ಪತ್ರ ಗಡಿಯಾರ ಇಟ್ಟುಕೊಂಡು ಬರೆಯಿರಿ.

ಪದವಿಯ ಜೊತೆ ಬಿ.ಎಡ್. ಇದ್ದರೆ ಬಾಗಿಲು ಹೆಚ್ಚು ತೆರೆಯುತ್ತವೆ. ಫ್ರೆಂಚ್ ಬೋಧನಾ ವಿಧಾನ ಸಿಗುವ ಕಾಲೇಜು ಅಪರೂಪ; ಇಂಗ್ಲಿಷ್ ಅಥವಾ ಕನ್ನಡ ವಿಧಾನ ತೆಗೆದುಕೊಂಡರೂ ಪಾಠ ಯೋಜನೆ ಬರೆಯುವ ಅಭ್ಯಾಸ ಕೈಗೆ ಹತ್ತುತ್ತದೆ.

ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ ಕನ್ನಡ. ಇದನ್ನು ಮರೆತು ಇಂಗ್ಲಿಷಿನ ದಾರಿಯಲ್ಲೇ ಫ್ರೆಂಚ್ ಹೇಳಿಕೊಡುವವರು ಬಹಳ, ತೊಡಕು ಶುರುವಾಗುವುದೂ ಅಲ್ಲೇ. ಇಂಗ್ಲಿಷ್ ಅಭ್ಯಾಸದಿಂದ ಮಕ್ಕಳು ಮೇಜಿಗೆ 'ಟಾಬ್ಲ್' ಎನ್ನುತ್ತಾರೆ. ಫ್ರೆಂಚಿನದು ಹಲ್ಲಿಗೆ ತಾಗುವ ನಮ್ಮ ತ, ದ. 'ತಾಬ್ಲ್' ಎನ್ನಿಸಿ, ಅರ್ಧ ಉಚ್ಚಾರಣೆ ಸರಿಯಾಯಿತು. ನಮ್ಮಲ್ಲಿಲ್ಲದ ಒಂದು ಸ್ವರಕ್ಕೆ ಹೀಗೆ ಮಾಡಿ: 'ಈ' ಎಂದು ಎಳೆಯುತ್ತಿರಲಿ, ನಾಲಿಗೆ ಅಲ್ಲಾಡದೆ ತುಟಿ ಮಾತ್ರ 'ಊ'ಗೆ ಮೊನೆಯಾಗಲಿ. ಫ್ರೆಂಚಿನಲ್ಲಿ ರಕಾರದ ಜೊತೆ ಈ ಸ್ವರ ಬಂದರೆ ಬೀದಿ, ಬರೀ 'ರೂ' ಎಂದರೆ ಚಕ್ರ. ಬೀದಿಯ ಪದವನ್ನು 'ರ್ಯೂ' ಎಂದು ಪುಸ್ತಕದಲ್ಲಿ ಬರೆದುಕೊಳ್ಳಲು ಬಿಡಬೇಡಿ. ಒಮ್ಮೆ ಬರೆದರೆ ಆ ಯಕಾರ ನಾಲಿಗೆಗೆ ಅಂಟಿಬಿಡುತ್ತದೆ.

ವಯಸ್ಸು ಹೇಳುವಾಗಲೂ ಹಾಗೆಯೇ. ಇಂಗ್ಲಿಷಿನಿಂದ ಹೊರಟ ಮಗು 'ನಾನು ಹನ್ನೆರಡು ಆಗಿದ್ದೇನೆ' ಎಂಬಂತೆ ಫ್ರೆಂಚ್ ಕಟ್ಟುತ್ತದೆ. ಫ್ರೆಂಚರದು 'ನನ್ನ ಬಳಿ ಹನ್ನೆರಡು ವರ್ಷ ಇವೆ' ಎಂಬ ರೀತಿ. 'ನನಗೆ ಹನ್ನೆರಡು ವರ್ಷ' ಎಂಬುದರಿಂದ ಅಲ್ಲಿಗೆ ಒಂದೇ ಹೆಜ್ಜೆ. ಲಿಂಗದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ: ನಮಗೆ ಮೇಜೂ ಪುಸ್ತಕವೂ ನಪುಂಸಕ, ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಮೊದಲ ದಿನದಿಂದಲೇ 'ಲಾ ತಾಬ್ಲ್', 'ಲ ಲಿವ್ರ್' ಎಂದು ಜೋಡಿಯಾಗಿಯೇ ಕಲಿಸಿ.

ಕೊನೆಗೆ ಡೆಮೊ ತರಗತಿ. ನೌಕರಿ ನಿಂತಿರುವುದೇ ಇದರ ಮೇಲೆ. ಹೆಚ್ಚಿನವರು ಅಕ್ಷರಮಾಲೆ ಹಾಡಿಸಿ, ಉಳಿದ ಹೊತ್ತು ಇಂಗ್ಲಿಷಿನಲ್ಲಿ ವ್ಯಾಕರಣ ವಿವರಿಸಿ ಮುಗಿಸುತ್ತಾರೆ. ಮಕ್ಕಳು ಬಾಯಿ ತೆರೆದಿರುವುದೇ ಇಲ್ಲ. 20 ನಿಮಿಷ ಸಿಕ್ಕರೆ ಆರನೇ ತರಗತಿಗೆ 'ತು' ಮತ್ತು 'ವು', ಅಂದರೆ ನೀನು ಮತ್ತು ನೀವು, ಇಷ್ಟೇ ತೆಗೆದುಕೊಳ್ಳಿ. ಮೊದಲ 3 ನಿಮಿಷ ಕೈಸನ್ನೆಯೊಂದಿಗೆ ನಮಸ್ಕಾರ, ಹೆಸರು. ಮುಂದಿನ 5 ನಿಮಿಷ ನಾಲ್ಕು ಚಿತ್ರ: ಗೆಳತಿ, ಅಜ್ಜ, ಹೂ ಮಾರುವಾಕೆ, ಹೆಡ್‌ಮಿಸ್. ಯಾರಿಗೆ ಯಾವುದು ಎಂದು ಮಕ್ಕಳೇ ಹೇಳಲಿ. ಅಜ್ಜನಿಗೆ 'ವು' ಎಂದೇ ಕೂಗುತ್ತಾರೆ, ಏಕೆಂದರೆ ಹಲವು ಮನೆಗಳಲ್ಲಿ ಅಜ್ಜನಿಗೆ ನೀವು. ಫ್ರಾನ್ಸಿನ ಮನೆಗಳಲ್ಲಿ ಸಾಮಾನ್ಯವಾಗಿ ಅಜ್ಜನಿಗೂ 'ತು'. ಅಂಗಡಿಯಲ್ಲಿ ಹೂ ಮಾರುವಾಕೆಗೆ 'ವು'. ಮಕ್ಕಳು ಬೆರಗಾಗುವ ಆ ಕ್ಷಣದಲ್ಲೇ ಪಾಠ ಮನಸ್ಸಿಗೆ ಇಳಿಯುತ್ತದೆ. ಆಮೇಲೆ 8 ನಿಮಿಷ ಜೋಡಿಯಾಗಿ ಮಾತು, ನೀವು ಬೆಂಚುಗಳ ನಡುವೆ ಓಡಾಡಿ. ಕೊನೆಯ 4 ನಿಮಿಷ ಹಿಂದಿನ ಬೆಂಚಿನವರಿಂದ ಎರಡು ಸಂಭಾಷಣೆ ಹೇಳಿಸಿ. ಯೋಜನೆಯ ಹಾಳೆಯ ಎರಡು ಪ್ರತಿ ಒಯ್ಯಿರಿ, ಒಂದು ಗಮನಿಸುವವರಿಗೆ. ಪ್ರೊಜೆಕ್ಟರ್ ನಂಬದೆ ಚಿತ್ರಗಳನ್ನು ಎ3 ಕಾಗದದಲ್ಲೇ ಅಚ್ಚು ಹಾಕಿಸಿಕೊಂಡು ಹೋಗಿ.