ವೆಬ್ ಸರ್ವರ್‌ಗೆ ಸಿಪಿಯು ಮೀಸಲಿಡುವುದು ಹೇಗೆ

ಬ್ಯಾಕಪ್ ಓಡುವ ಹೊತ್ತಿಗೆ ಸರಿಯಾಗಿ ಸೈಟ್ ತೆವಳುತ್ತಿದೆಯಾ? ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು ಸರ್ವರ್‌ನಲ್ಲಿ ಏನೇನು ಓಡುತ್ತಿದೆ ಅಂತ ತೋರಿಸುವ 'ಟಾಪ್' ಕಮಾಂಡ್ ತೆಗೆದು ಮೇಲ್ಭಾಗದ ಸಿಪಿಯು ಸಾಲು ನೋಡಿ. ಅಲ್ಲಿ 'ಎಸ್‌ಟಿ' ಜಾಸ್ತಿ ಇದ್ದರೆ ನಿಮ್ಮ ವರ್ಚುವಲ್ ಮಷಿನ್‌ಗೆ ಸಿಗಬೇಕಾದ ಸಮಯ ಹೋಸ್ಟ್‌ನಲ್ಲೇ (ಅದನ್ನು ಓಡಿಸುವ ಅಸಲಿ ಮಷಿನ್‌ನಲ್ಲೇ) ಬೇರೆ ಕಡೆ ಹೋಗುತ್ತಿದೆ ಎಂದರ್ಥ. ಅದಕ್ಕೆ ಇಲ್ಲಿ ಮದ್ದಿಲ್ಲ, ಪ್ಲಾನ್ ಬದಲಿಸಬೇಕು. ಡಿಸ್ಕ್‌ಗೆ ಕಾಯುವ ಸಮಯ ತೋರಿಸುವ 'ಡಬ್ಲ್ಯೂಎ' ಜಾಸ್ತಿ ಇದ್ದರೆ ಡಿಸ್ಕ್ ಕಡೆ ನೋಡಿ. ಇವೆರಡೂ ಕಡಿಮೆ ಇದ್ದು, ಖಾಲಿ ಸಮಯ ತೋರಿಸುವ 'ಐಡಿ' ಸೊನ್ನೆ ಹತ್ತಿರ ಇದ್ದರೆ ಮಾತ್ರ ಮುಂದೆ ಓದಿ.

ನಾನು ಹೇಳುತ್ತಿರುವುದು ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಮತ್ತು ಸಿಗ್ರೂಪ್ (ಪ್ರೋಗ್ರಾಂಗಳನ್ನು ಗುಂಪು ಮಾಡಿ ಸಿಪಿಯು ಹಂಚುವ ವ್ಯವಸ್ಥೆ) ಎರಡನೇ ಆವೃತ್ತಿ ಇರುವ ಲಿನಕ್ಸ್‌ಗೆ. ಡೆಬಿಯನ್ 11, ಉಬುಂಟು 21.10ರಿಂದ ಈಚೆಗೆ ಅದೇ ಡಿಫಾಲ್ಟ್. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಮೊದಲು ಎಲ್ಲರೂ ಮುಟ್ಟುವುದು 'ಸಿಪಿಯು ವೇಟ್'. 1ರಿಂದ 10000ದವರೆಗೆ ಕೊಡಬಹುದು, ಏನೂ ಕೊಡದಿದ್ದರೆ 100. ಸಿಪಿಯುಗೆ ಕಿತ್ತಾಟ ಶುರುವಾದಾಗ ಮಾತ್ರ ಇದರ ಲೆಕ್ಕ, ಖಾಲಿ ಇದ್ದಾಗ ಯಾರು ಎಷ್ಟು ಬೇಕಾದರೂ ತಿನ್ನಬಹುದು. 800 ಇರುವ ಸರ್ವಿಸ್‌ಗೂ 100 ಇರುವ ಸರ್ವಿಸ್‌ಗೂ ಒಟ್ಟಿಗೆ ಸಿಪಿಯು ಬೇಕಾದರೆ ಎಂಟು ಪಾಲು ಮೊದಲನೆಯದಕ್ಕೆ, ಒಂದು ಪಾಲು ಎರಡನೆಯದಕ್ಕೆ. ಕೇಳೋಕೆ ಚೆನ್ನಾಗಿದೆ ಅಲ್ವಾ?

ನಾನೂ ಹಾಗೇ ಅಂದುಕೊಂಡು ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೂ, ಅದರ ಹಿಂದೆ ಪಿಎಚ್‌ಪಿ ಕೋಡ್ ಓಡಿಸುವ ಪಿಎಚ್‌ಪಿ ಎಫ್‌ಪಿಎಂಗೂ 1000 ಕೊಟ್ಟು, ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಒಂದು ದೊಡ್ಡ ಫೋಲ್ಡರನ್ನು ಜಿಪ್ ಮಾಡೋಕೆ ಹಾಕಿದೆ. ಸೈಟ್ ಮತ್ತೆ ಕುಂಟಿತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ 'ಸಿಸ್ಟಮ್‌ಡಿ ಸಿಜಿಎಲ್‌ಎಸ್' ಓಡಿಸಿ ಸಿಗ್ರೂಪ್‌ಗಳ ಮರ ನೋಡಿದಾಗ ಗೊತ್ತಾಗಿದ್ದು: ವೇಟ್ ನಡೆಯುವುದು ಒಂದೇ ಕೊಂಬೆಯ ಮಕ್ಕಳ ನಡುವೆ ಮಾತ್ರ. ಸ್ಲೈಸ್ ಅಂದರೆ ಆ ಮರದ ಒಂದು ಕೊಂಬೆ; ನನ್ನ ಸರ್ವಿಸ್‌ಗಳು 'ಸಿಸ್ಟಮ್ ಸ್ಲೈಸ್' ಒಳಗಿದ್ದವು, ಜಿಪ್ ಇದ್ದಿದ್ದು 'ಯೂಸರ್ ಸ್ಲೈಸ್' ಒಳಗೆ. ಆ ಎರಡು ಸ್ಲೈಸ್‌ಗಳ ವೇಟ್ ಎರಡೂ 100. ಅಂದರೆ ನಾನು ಕೊಟ್ಟ ಸಾವಿರಕ್ಕೆ ಆ ಜಿಪ್ ಮುಂದೆ ಮೂರು ಕಾಸಿನ ಬೆಲೆ ಇರಲಿಲ್ಲ. ಕೈಯಾರೆ ಓಡಿಸುವ ಭಾರದ ಕೆಲಸಗಳಿದ್ದರೆ ಸಿಸ್ಟಮ್ ಸ್ಲೈಸ್‌ನ ವೇಟನ್ನೇ ಏರಿಸಿ.

ಎರಡನೆಯದು 'ಸಿಪಿಯು ಕೋಟಾ'. ಇದನ್ನು ಬ್ಯಾಕಪ್‌ಗೆ ಹಾಕಿ, ದಯವಿಟ್ಟು ವೆಬ್ ಸರ್ವರ್‌ಗೆ ಹಾಕಬೇಡಿ. ಇದು ಮೀಸಲಲ್ಲ, ಮಿತಿ. 100 ಪರ್ಸೆಂಟ್ ಅಂದರೆ ಒಂದು ಕೋರ್. ಲಿನಕ್ಸ್‌ನ ತಿರುಳಾದ ಕರ್ನಲ್ ಲೆಕ್ಕ ಹಾಕುವುದು ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಕಂತಿನಲ್ಲಿ. ಎಂಟು ಕೋರ್ ಮಷಿನ್‌ನಲ್ಲಿ 200 ಪರ್ಸೆಂಟ್ ಕೊಟ್ಟಿದ್ದೀರಿ ಅಂದುಕೊಳ್ಳಿ, ಎಂಟು ವರ್ಕರ್ (ಕೆಲಸ ಮಾಡುವ ಪ್ರೊಸೆಸ್) ಒಟ್ಟಿಗೆ ಎದ್ದರೆ ಆ ಕಂತಿಗೆ ಸಿಗುವ 200 ಮಿಲಿಸೆಕೆಂಡಿನ ಪಾಲನ್ನು 25 ಮಿಲಿಸೆಕೆಂಡಿನಲ್ಲೇ ಖಾಲಿ ಮಾಡಿ, ಉಳಿದ 75 ಮಿಲಿಸೆಕೆಂಡು ಅಷ್ಟೂ ವರ್ಕರ್ ಸುಮ್ನೆ ಕೂತಿರುತ್ತವೆ, ಪಕ್ಕದ ಕೋರ್ ಖಾಲಿ ಬಿದ್ದಿದ್ದರೂ.

ಈಗ ನಿಜವಾದ ಮೀಸಲು. ಇದಕ್ಕೆ ಬೇಕಾದ್ದು 'ಅಲೋಡ್ ಸಿಪಿಯುಸ್', ಸಿಸ್ಟಮ್‌ಡಿ 244ರಿಂದ ಇದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಎಂಜಿನ್‌ಎಕ್ಸ್‌ಗೆ 'ಇಂತಿಂಥ ಕೋರ್ ನಿನ್ನದು' ಅಂತ ಬರೆದು ಕೈ ತೊಳೆದುಕೊಂಡರೆ, ಅದನ್ನು ಆ ಕೋರ್‌ಗಳಲ್ಲಿ ಕಟ್ಟಿಹಾಕಿದಂತಾಯಿತೇ ಹೊರತು ಬೇರೆಯವರು ಒಳಗೆ ಬರೋದನ್ನು ತಡೆದಂತಾಗಲಿಲ್ಲ. ಮೊದಲಿಗಿಂತ ಕೆಡುಕೇ ಆಗಬಹುದು. ಹೊರಗಿಡಬೇಕಾದ್ದು ಬೇರೆಯವರನ್ನು.

ಮೊದಲು 'ಎಲ್‌ಎಸ್‌ಸಿಪಿಯು' ಕಮಾಂಡನ್ನು 'ಇ' ಆಯ್ಕೆಯೊಂದಿಗೆ ಓಡಿಸಿ. ಹೈಪರ್‌ಥ್ರೆಡಿಂಗ್ ಇದ್ದರೆ ಎಂಟು ಸಿಪಿಯು ಅಂತ ಕಾಣುವುದು ನಿಜಕ್ಕೂ ನಾಲ್ಕೇ ಕೋರ್ ಇರಬಹುದು, 0 ಮತ್ತು 4 ಒಂದೇ ಕೋರಿನ ಅವಳಿಗಳಾಗಿರಬಹುದು. ಅವಳಿಗಳನ್ನು ಬೇರೆ ಮಾಡಬೇಡಿ. ನಮ್ಮ ಲೆಕ್ಕಕ್ಕೆ 0 ಮತ್ತು 4 ಉಳಿದವರಿಗೆ, 1ರಿಂದ 3 ಮತ್ತು 5ರಿಂದ 7 ವೆಬ್‌ಗೆ ಅಂತ ಇಟ್ಟುಕೊಳ್ಳೋಣ.

'ಇಟಿಸಿ' ಒಳಗಿನ 'ಸಿಸ್ಟಮ್‌ಡಿ', ಅದರೊಳಗಿನ 'ಸಿಸ್ಟಮ್' ಫೋಲ್ಡರ್‌ನಲ್ಲಿ 'ವೆಬ್ ಡಾಟ್ ಸ್ಲೈಸ್' ಅನ್ನೋ ಹೊಸ ಫೈಲ್ ಮಾಡಿ. ಹೆಸರಿನಲ್ಲಿ ಅಡ್ಡಗೆರೆ ಹಾಕಬೇಡಿ, ಹಾಕಿದರೆ ಅದು ಇನ್ನೊಂದು ಸ್ಲೈಸ್‌ನ ಮಗು ಆಗುತ್ತದೆ. ಫೈಲ್ ಒಳಗೆ 'ಸ್ಲೈಸ್' ವಿಭಾಗದ ಕೆಳಗೆ ಅಲೋಡ್ ಸಿಪಿಯುಸ್‌ಗೆ ವೆಬ್‌ನ ಆರು ನಂಬರ್ ಕೊಡಿ. ಆಮೇಲೆ 'ಸಿಸ್ಟಮ್‌ಸಿಟಿಎಲ್ ಎಡಿಟ್' ಹಾಕಿ ಎಂಜಿನ್‌ಎಕ್ಸ್ ತೆರೆದು, 'ಸರ್ವಿಸ್' ವಿಭಾಗದಲ್ಲಿ 'ಸ್ಲೈಸ್' ಅನ್ನೋದಕ್ಕೆ ಈ ಫೈಲಿನ ಹೆಸರು ಬರೆಯಿರಿ. ಪಿಎಚ್‌ಪಿ ಎಫ್‌ಪಿಎಂಗೂ ಅಷ್ಟೇ. ನಿಜ ಹೇಳಬೇಕಂದರೆ ಜಾಸ್ತಿ ಸಿಪಿಯು ತಿನ್ನುವುದು ಎಂಜಿನ್‌ಎಕ್ಸ್ ಅಲ್ಲ, ಅದರ ಹಿಂದಿರುವ ಆ್ಯಪ್. 'ಡೀಮನ್ ರೀಲೋಡ್' ಮಾಡಿ, ಎರಡನ್ನೂ ರೀಸ್ಟಾರ್ಟ್ ಮಾಡಿ.

ಇನ್ನು ಬಾಗಿಲು ಹಾಕುವ ಕೆಲಸ. 'ಸಿಸ್ಟಮ್‌ಸಿಟಿಎಲ್ ಸೆಟ್ ಪ್ರಾಪರ್ಟಿ' ಬಳಸಿ ಸಿಸ್ಟಮ್ ಸ್ಲೈಸ್, ಯೂಸರ್ ಸ್ಲೈಸ್, ಇನಿಟ್ ಸ್ಕೋಪ್ (ಸಿಸ್ಟಮ್‌ಡಿ ತಾನೇ ಇರುವ ಗುಂಪು) ಮೂರಕ್ಕೂ ಅಲೋಡ್ ಸಿಪಿಯುಸ್ ಆಗಿ 0 ಮತ್ತು 4 ಕೊಡಿ. ಮೊದಲ ಸಲ 'ರನ್‌ಟೈಮ್' ಆಯ್ಕೆ ಸೇರಿಸಿ, ಎಡವಟ್ಟಾದರೆ ರೀಬೂಟ್ ಮಾಡಿದರೆ ಹಳೆಯ ಸ್ಥಿತಿಗೆ ಬರುತ್ತದೆ.

ಡೇಟಾಬೇಸ್ ಅದೇ ಮಷಿನ್‌ನಲ್ಲಿದ್ದರೆ ಹುಷಾರು! ಅದು ಸಿಸ್ಟಮ್ ಸ್ಲೈಸ್‌ನಲ್ಲೇ ಉಳಿದುಬಿಟ್ಟರೆ ಬ್ಯಾಕಪ್ ಜೊತೆ ಎರಡೇ ಸಿಪಿಯುನಲ್ಲಿ ಉಸಿರು ಕಟ್ಟಿಕೊಂಡಿರುತ್ತದೆ, ಆರು ಸಿಪಿಯು ಇಟ್ಟುಕೊಂಡ ವೆಬ್ ಸರ್ವರ್ ಅದರ ಉತ್ತರಕ್ಕೆ ಕಾಯ್ತಾ ಕೂತಿರುತ್ತದೆ. ಅದನ್ನೂ ವೆಬ್ ಸ್ಲೈಸ್‌ಗೆ ತನ್ನಿ.

ಎಂಜಿನ್‌ಎಕ್ಸ್‌ನ 'ವರ್ಕರ್ ಪ್ರೊಸೆಸಸ್' 'ಆಟೋ'ದಲ್ಲಿದ್ದರೆ ಅದು ಮಷಿನ್‌ನ ಎಂಟನ್ನೂ ಎಣಿಸಿ ಎಂಟು ವರ್ಕರ್ ಹುಟ್ಟಿಸುತ್ತದೆ. 6 ಅಂತ ಬರೆಯಿರಿ.

ಕೊನೆಗೆ ಹಗಲಲ್ಲೇ ಒಮ್ಮೆ ಬ್ಯಾಕಪ್ ಓಡಿಸಿ, ಟಾಪ್‌ನಲ್ಲಿ 1 ಒತ್ತಿ. ಸಿಪಿಯುಗಳು ಒಂದೊಂದಾಗಿ ಕಾಣುತ್ತವೆ. 0 ಮತ್ತು 4 ತುಂಬಿ ತುಳುಕುತ್ತಿದ್ದು ಉಳಿದವು ಆರಾಮಾಗಿದ್ದರೆ ಕೆಲಸ ಆಯಿತು. ಮೀಸಲಿನ ಸಿಪಿಯುಗಳಲ್ಲಿ ಇನ್ನೂ 'ಎಸ್‌ಐ' ಏರುತ್ತಿದ್ದರೆ ಅದು ಹೆಚ್ಚಾಗಿ ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್ (ಸಿಪಿಯುವನ್ನು ತಡೆದು ಗಮನ ಕೇಳುವ ಸಂಕೇತ) ಕೆಲಸ, ಸ್ಲೈಸ್‌ಗಳ ಮಾತು ಅದು ಕೇಳಲ್ಲ. ಬ್ಯಾಕಪ್ ಮುಂಚಿಗಿಂತ ತಡವಾಗಿ ಮುಗಿಯುತ್ತದೆ, ಹಾಗಾಗಿ ಅದರ ನಂತರ ಓಡುವ ಬೇರೆ ಕೆಲಸಗಳಿದ್ದರೆ ಅವುಗಳ ಸಮಯವನ್ನೂ ಸ್ವಲ್ಪ ಮುಂದೆ ಹಾಕಿಬಿಡಿ.