ಪಿಯುಸಿ ಅಂಕ ಸ್ವಲ್ಪ ಕಡಿಮೆ ಬಂದಿದೆಯೇ? ದೊಡ್ಡ ಕಾಲೇಜಿಗೆ ಅರ್ಜಿ ಹಾಕುವ ಬಗೆ

ಭೌತಶಾಸ್ತ್ರ 84, ರಸಾಯನಶಾಸ್ತ್ರ 91, ಗಣಿತ 95. ಒಟ್ಟು 270. ಇಷ್ಟು ಅಂಕ ಬಂದ ಮನೆಯಲ್ಲೂ 'ಇನ್ನು ಒಳ್ಳೆ ಕಾಲೇಜು ಸಿಗಲ್ಲ ಬಿಡು' ಅನ್ನುವ ಮಾತು ಶುರುವಾಗುತ್ತದೆ. ಅದನ್ನು ನಂಬುವ ಮೊದಲು, ನಿಮಗೆ ಬೇಕಾದ ಕಾಲೇಜು ಪಿಯುಸಿ ಅಂಕವನ್ನು ಯಾವುದಕ್ಕೆ ಬಳಸುತ್ತದೆ ಎಂದು ತಿಳಿದುಕೊಳ್ಳಿ. ಕೆಲವು ಕಡೆ ಅಂಕ ನೇರವಾಗಿ ರ್‍ಯಾಂಕಿಗೆ ಸೇರುತ್ತದೆ. ಇನ್ನು ಕೆಲವು ಕಡೆ ಒಂದು ಗೆರೆ ದಾಟಿದರೆ ಸಾಕು, ಆಮೇಲೆ ಅದನ್ನು ಯಾರೂ ನೋಡುವುದಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಮಕ್ಕಳು ಬಹಳ ಸಲ ಈ ಎರಡನೇ ಬಗೆಯ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುವುದಿಲ್ಲ.

ಮೊದಲು ಅಂಕ ಲೆಕ್ಕಕ್ಕೆ ಬರುವ ಕಡೆ ನೋಡೋಣ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕೆಸಿಇಟಿಯಲ್ಲಿ (ಸಿಇಟಿ) ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯ 300 ಅಂಕ 50ಕ್ಕೆ ಇಳಿಯುತ್ತದೆ, ಸಿಇಟಿಯ 180 ಅಂಕವೂ 50ಕ್ಕೆ ಇಳಿಯುತ್ತದೆ. ಅಂದರೆ ಪಿಯುಸಿಯ ಒಂದು ಅಂಕದ ಬೆಲೆ ಸುಮಾರು 0.17, ಸಿಇಟಿಯ ಒಂದು ಪ್ರಶ್ನೆಯ ಬೆಲೆ ಸುಮಾರು 0.28. ಪಿಯುಸಿಯಲ್ಲಿ ಹೋದ ಐದು ಅಂಕವನ್ನು ಸಿಇಟಿಯ ಮೂರು ಪ್ರಶ್ನೆ ತುಂಬಿಕೊಡುತ್ತವೆ. 291 ತೆಗೆದವರಿಗೂ 270 ತೆಗೆದವರಿಗೂ ಇರುವ ಅಂತರ ಸಿಇಟಿಯಲ್ಲಿ 13 ಪ್ರಶ್ನೆ, ವಿಷಯಕ್ಕೆ ನಾಲ್ಕೈದು. ಇದು ಕೈಗೆ ಸಿಗುವ ಗುರಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇಗೆ ಸೀಟು ಸಿಗುವುದೂ ಈ ರ್‍ಯಾಂಕಿನ ಮೇಲೆಯೇ.

ಆ 13 ಪ್ರಶ್ನೆಗಳನ್ನು ಎಲ್ಲಿ ಹುಡುಕಬೇಕು? ಪ್ರಥಮ ಪಿಯುಸಿ ಪಾಠಗಳಲ್ಲಿ. ಸಿಇಟಿ ಎರಡೂ ವರ್ಷದ ಪಠ್ಯದ ಮೇಲೆ ನಡೆಯುತ್ತದೆ. ಬೋರ್ಡ್ ಪರೀಕ್ಷೆಗೆ ಬೇಕಿಲ್ಲವೆಂದು ಮೊದಲ ವರ್ಷದ ಪುಸ್ತಕ ಅಟ್ಟಕ್ಕೆ ಹಾಕಿದವರು ಇಲ್ಲೇ ಸೋಲುತ್ತಾರೆ. ಇನ್ನೊಂದು ವಿಷಯ: ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ 180ರಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಪ್ರತಿ ಪತ್ರಿಕೆಯ ಕೊನೆಯ ಐದು ನಿಮಿಷ ಓಎಂಆರ್ ಹಾಳೆಯಲ್ಲಿ ಉಳಿದ ವೃತ್ತ ತುಂಬುವುದಕ್ಕೇ ಇರಲಿ.

ಪಿಯುಸಿ ಅಂಕವನ್ನೂ ಹೆಚ್ಚಿಸಿಕೊಳ್ಳಲು ದಾರಿ ಇದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಪಾಸಾದವರೂ ಪರೀಕ್ಷೆ-2 ಬರೆಯಬಹುದು. ಎಲ್ಲ ವಿಷಯಕ್ಕೂ ಕಟ್ಟಬೇಡಿ, ಅಂಕ ತೀರಾ ಕುಸಿದ ಒಂದು ವಿಷಯಕ್ಕೆ ಕಟ್ಟಿ. ಉತ್ತರ ಚೆನ್ನಾಗಿ ಬರೆದೂ ಅಂಕ ಬಂದಿಲ್ಲ ಅನ್ನಿಸಿದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಬೋರ್ಡಿನ ಮೌಲ್ಯಮಾಪನ ಸ್ಕೀಮ್ ಪಕ್ಕದಲ್ಲಿಟ್ಟು ನಿಮ್ಮ ಉಪನ್ಯಾಸಕರ ಜೊತೆ ಕೂತು ನೋಡಿ. ಆಮೇಲಷ್ಟೇ ಮರುಮೌಲ್ಯಮಾಪನಕ್ಕೆ ದುಡ್ಡು ಹಾಕಿ. ಅರ್ಜಿ ಹಾಕಲು ಸಿಗುವುದು ಕೆಲವೇ ದಿನ. ಫಲಿತಾಂಶ ಬಂದ ದಿನವೇ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಹೆಚ್ಚಿದ ಅಂಕ, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ದಾಖಲೆಯಲ್ಲಿ ಸೇರಿದೆಯೇ ಎಂಬುದನ್ನೂ ನೀವೇ ಪರೀಕ್ಷಿಸಬೇಕು.

ಇನ್ನು ಗೆರೆ ದಾಟಿದರೆ ಸಾಕಾಗುವ ಕಡೆ. ಐಐಟಿ, ಎನ್‌ಐಟಿಗಳಿಗೆ ಜೆಇಇ ಪರೀಕ್ಷೆ ಬರೆಯಬೇಕು, ಪಿಯುಸಿಯಲ್ಲಿ ಶೇ. 75 ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 65. ಅಷ್ಟಿಲ್ಲದಿದ್ದರೂ ನಿಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿದ್ದರೆ ಆಗುತ್ತದೆ. ಇಲ್ಲಿ ಭಾಷಾ ವಿಷಯದ ಅಂಕವೂ ಲೆಕ್ಕಕ್ಕೆ ಬರುವುದರಿಂದ ಕನ್ನಡ, ಇಂಗ್ಲಿಷ್ ಪತ್ರಿಕೆಯನ್ನು ಕಡೆಗಣಿಸಬೇಡಿ. ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರಿಗೆ ಮೀಸಲು. ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಅರ್ಜಿ ತುಂಬುವಾಗಲೇ ಭಾಷೆ ಆಯ್ದುಕೊಳ್ಳಬೇಕು. ಐಐಟಿಗೆ ಬೇಕಾದ ಎರಡನೇ ಹಂತದ ಜೆಇಇ ಅಡ್ವಾನ್ಸ್ಡ್ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ.

ವಿಜ್ಞಾನವನ್ನೇ ಓದಬೇಕೆಂಬ ಮಕ್ಕಳಿಗೆ ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ ಇದೆ. ಪಿಯುಸಿಯಲ್ಲಿ ಶೇ. 60 ಇದ್ದರೆ ಬರೆಯಬಹುದು. ನಾಲ್ಕು ವಿಷಯ, 60 ಪ್ರಶ್ನೆ, ಮೂರು ಗಂಟೆ. ತಪ್ಪಿಗೆ ಇಲ್ಲಿ ಅಂಕ ಕಳೆಯುತ್ತಾರೆ, ಸಿಇಟಿಯ ಅಭ್ಯಾಸದಲ್ಲಿ ಎಲ್ಲವನ್ನೂ ತುಂಬಿದರೆ ಪೆಟ್ಟು ಬೀಳುತ್ತದೆ. ಬೆಂಗಳೂರಿನ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ) ತನ್ನ ನಾಲ್ಕು ವರ್ಷದ ಬಿ.ಎಸ್. ಕೋರ್ಸಿಗೆ ಈ ಅಂಕವನ್ನೂ ಪರಿಗಣಿಸುತ್ತದೆ, ಆದರೆ ಅಲ್ಲಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಐಎಟಿ ಬರೆದರೆ ಸಾಕೆಂದುಕೊಂಡು ಆ ಅರ್ಜಿ ಬಿಡುವುದು ದೊಡ್ಡ ನಷ್ಟ.

ಕಾನೂನು ಓದುವವರಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲಾಟ್. ಅರ್ಹತೆ ಶೇ. 45, ಪರಿಶಿಷ್ಟರಿಗೆ ಶೇ. 40. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟುಗಳಿವೆ. ಕ್ಲಾಟ್ ಡಿಸೆಂಬರಿನಲ್ಲೇ ನಡೆಯುತ್ತದೆ, ಪಿಯುಸಿ ಪರೀಕ್ಷೆ ಮುಗಿದ ಮೇಲೆ ಯೋಚಿಸಿದರೆ ಆ ವರ್ಷ ಹೋಯಿತು ಅಂತಲೇ. ದೆಹಲಿ ವಿಶ್ವವಿದ್ಯಾಲಯ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ ಅದರದೇ ಪರೀಕ್ಷೆ ಮತ್ತು ಸಂದರ್ಶನ, ಕುಟುಂಬದ ಆದಾಯ ನೋಡಿ ಶುಲ್ಕದ ನೆರವೂ ಉಂಟು. ಸಂದರ್ಶನದಲ್ಲಿ ಅಂಕದ ಬಗ್ಗೆ ಕೇಳಿದರೆ ಎರಡು ಮಾತಿನಲ್ಲಿ ನಿಜವಾದ ಕಾರಣ ಹೇಳಿ, ಆಮೇಲೆ ಏನು ಬದಲಾಯಿಸಿಕೊಂಡಿರಿ ಎಂದು ಹೇಳಿ. ಉಪನ್ಯಾಸಕರ ಮೇಲೆ ದೂರು ಹೇಳುವುದು ಯಾವತ್ತೂ ನೆರವಿಗೆ ಬರುವುದಿಲ್ಲ.

ರೇಷ್ಮೆ, ದ್ರಾಕ್ಷಿ, ತರಕಾರಿ ಬೆಳೆಯುವ ಮನೆಯ ಮಕ್ಕಳು ಬಿ.ಎಸ್ಸಿ. ಕೃಷಿಯ ಕೃಷಿಕರ ಕೋಟಾವನ್ನು ಮರೆಯಬಾರದು. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ, ಅದರ ಅಂಕವೂ ರ್‍ಯಾಂಕಿಗೆ ಸೇರುತ್ತದೆ. ಬೀಜ, ಗೊಬ್ಬರ, ಉಪಕರಣ ಗುರುತಿಸಬಲ್ಲ ಮಗುವಿಗೆ ಇದು ದೊಡ್ಡ ಆಸರೆ.

ಕಾಗದಪತ್ರದ ಕೆಲಸ ಅಂಕದಷ್ಟೇ ಮುಖ್ಯ. ಕೆಸಿಇಟಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಮೇಲುಸಹಿ ಆಗಬೇಕು. ಇದನ್ನು ದಸರಾ ರಜೆಗೆ ಮುಂಚೆಯೇ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಪಡೆದು ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಸರಿಯಾಗಿ ನಮೂದಿಸಿ. 2ಎ, 3ಎ ಮುಂತಾದ ರಾಜ್ಯದ ಹಿಂದುಳಿದ ವರ್ಗಗಳ ಪ್ರಮಾಣಪತ್ರ ಜೆಇಇ, ಸಿಯುಇಟಿಗೆ ನಡೆಯುವುದಿಲ್ಲ, ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಮೊದಲು ಅದನ್ನು ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಇನಿಷಿಯಲ್ ಒಂದೇ ರೀತಿ ಇರಲಿ.

ಕೆಸಿಇಟಿ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, 'ಸಿಗಬಹುದಾದ' ಕಾಲೇಜನ್ನು ಮೇಲಿಟ್ಟು, ಆಸೆಯ ಕಾಲೇಜನ್ನು ಕೆಳಗಿಡುವವರು ಬಹಳ. ಮೇಲಿನದು ಹಂಚಿಕೆಯಾದರೆ ಕೆಳಗಿನದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಆಸೆಯ ಕ್ರಮದಲ್ಲೇ ಬರೆಯಿರಿ, ಅಣಕು ಹಂಚಿಕೆ ಬಂದ ಮೇಲೆ ತಿದ್ದಿ. ನಿಜವಾದ ಸುತ್ತಿನಲ್ಲಿ ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾಯಬೇಕಾದರೆ ಚಾಯ್ಸ್-2 ಒತ್ತಿ. ಚಾಯ್ಸ್-3 ಒತ್ತಿದರೆ ಕೈಲಿದ್ದ ಸೀಟು ಹೋಗುತ್ತದೆ.